ಹಳದೀಪುರದ ಅರುಣಾ, ಮುಂಬೈಯ ನರ್ಸ್‌ಗಳು ಮತ್ತು ಒಂದು ಹಳೆಯ ಪ್ರಶ್ನೆ

ನರ್ಸ್‌ಗಳು ಮುಷ್ಕರ ಹೂಡಿದ ಸುದ್ದಿ ಬಂದಾಗಲೆಲ್ಲ ಊರ ಕಟ್ಟೆಯಲ್ಲಿ, ಬಸ್ಸಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಕೇಳಿಬರುತ್ತದೆ. "ಇದು ಸೇವೆ ಅಲ್ವಾ? ಸೇವೆ ಮಾಡೋರು ರೋಗಿಗಳನ್ನ ಬಿಟ್ಟು ಹೀಗೆ ಬೀದಿಗೆ ಬರಬಹುದಾ?"

ನಾವೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡವರು. ಸೇವೆ ಬೇರೆ, ಹಕ್ಕು ಬೇರೆ ಎಂದು ನಂಬಿದ್ದವರು. ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಒಬ್ಬ ಹೆಣ್ಣುಮಗಳ ಬದುಕಿನ ಬಗ್ಗೆ ಓದುತ್ತ ಹೋದಾಗ ಆ ನಂಬಿಕೆ ಸಡಿಲವಾಯಿತು. ಅದನ್ನು ನಿಮ್ಮ ಮುಂದಿಡಬೇಕು ಅನ್ನಿಸಿತು.

ಹಳದೀಪುರದಿಂದ ಪರೇಲ್‌ಗೆ

ಹೊನ್ನಾವರದಿಂದ ಕುಮಟಾ ಕಡೆಗೆ ಹೆದ್ದಾರಿ ಹಿಡಿದು ಹೊರಟರೆ ಸ್ವಲ್ಪ ಹೊತ್ತಿಗೆ ಹಳದೀಪುರ ಸಿಗುತ್ತದೆ. ಅರುಣಾ ರಾಮಚಂದ್ರ ಶಾನಭಾಗ 1948ರ ಜೂನ್ 1ರಂದು ಹುಟ್ಟಿದ್ದು ಈ ಊರಿನಲ್ಲಿ.

ಹಳದೀಪುರದ ಹುಡುಗಿ ಕೆಲಸಕ್ಕೆ ಬೆಂಗಳೂರಿಗೆ ಹೋಗದೆ ಮುಂಬೈಗೆ ಏಕೆ ಹೋದಳು ಎಂದು ಈಗಿನವರು ಕೇಳಬಹುದು. ಅದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದ್ದರು. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವವರೆಗೂ ಆ ಕಡೆಯವರಿಗೆ ರಾಜಧಾನಿ ಎಂದರೆ ಬೊಂಬಾಯಿಯೇ. ಕೆಲಸ, ಓದು, ಆಸ್ಪತ್ರೆ, ಎಲ್ಲಕ್ಕೂ ಜನ ಅತ್ತಲೇ ಮುಖ ಮಾಡುತ್ತಿದ್ದರು. ರಾಜ್ಯದ ಗಡಿ ಬದಲಾದ ಮೇಲೂ ಆ ದಾರಿ ಬದಲಾಗಲಿಲ್ಲ.

ಅರುಣಾ ಅದೇ ದಾರಿ ಹಿಡಿದರು. ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದರು. 1926ರಲ್ಲಿ ಶುರುವಾದ, ಮುಂಬೈ ಮಹಾನಗರ ಪಾಲಿಕೆ ನಡೆಸುವ ದೊಡ್ಡ ಆಸ್ಪತ್ರೆ ಅದು. ಸುತ್ತ ಗಿರಣಿಗಳು, ಗಿರಣಿ ಕಾರ್ಮಿಕರ ಚಾಳ್‌ಗಳು. ಹಣವಿಲ್ಲದವರು ನಂಬಿ ಬರುವ ಜಾಗ.

ಆ ಕಾಲದಲ್ಲಿ ನರ್ಸ್ ಕೆಲಸವೆಂದರೆ ಮೂಗು ಮುರಿಯುವವರೇ ಹೆಚ್ಚು. ಅನ್ಯರ ಮೈ ಮುಟ್ಟಬೇಕು, ಮಲಮೂತ್ರ ತೆಗೆಯಬೇಕು, ರಾತ್ರಿ ಮನೆಯ ಹೊರಗಿರಬೇಕು. ಮಡಿ ಮೈಲಿಗೆಯ ಸಮಾಜದಲ್ಲಿ ಇದೆಲ್ಲ ಸಣ್ಣ ಮಾತಲ್ಲ. ಅಂಥ ಹೊತ್ತಿನಲ್ಲಿ ಊರು ಬಿಟ್ಟು ಹೋಗಿ ಬಿಳಿ ಸಮವಸ್ತ್ರ ತೊಟ್ಟ ಹುಡುಗಿಯರಿಗೆ ಧೈರ್ಯ ಬೇಕಿತ್ತು. ಅರುಣಾಗೆ ಅದೇ ಆಸ್ಪತ್ರೆಯ ವೈದ್ಯರೊಬ್ಬರ ಜೊತೆ ಮದುವೆಯೂ ನಿಶ್ಚಯವಾಗಿತ್ತು.

ಒಂದು ರಾತ್ರಿ, ಒಂದು ನೆಲಮಾಳಿಗೆ

1973ರ ನವೆಂಬರ್ 27ರ ಸಂಜೆ. ಪಾಳಿ ಮುಗಿಸಿದ ಅರುಣಾ ಬಟ್ಟೆ ಬದಲಿಸಿಕೊಳ್ಳಲು ಆಸ್ಪತ್ರೆಯ ನೆಲಮಾಳಿಗೆಗೆ ಹೋದರು. ಅಲ್ಲಿ ಅದೇ ಆಸ್ಪತ್ರೆಯ ಒಬ್ಬ ನೌಕರ ನಾಯಿಗೆ ಕಟ್ಟುವ ಸರಪಳಿಯಿಂದ ಅವರ ಕತ್ತು ಬಿಗಿದು ಅತ್ಯಾಚಾರ ಎಸಗಿದ. ಮಿದುಳಿಗೆ ಉಸಿರು ಹೋಗುವುದು ನಿಂತಿತು. ಅರುಣಾ ಪತ್ತೆಯಾದದ್ದು ಮರುದಿನ ಬೆಳಿಗ್ಗೆ, ಗುಡಿಸಲು ಬಂದವರ ಕಣ್ಣಿಗೆ.

ಅಂದರೆ ನೂರಾರು ಜನ ಹಗಲು ರಾತ್ರಿ ಓಡಾಡುವ ಆಸ್ಪತ್ರೆಯಲ್ಲಿ, ಅಲ್ಲಿನದೇ ಒಬ್ಬ ನರ್ಸ್ ಇಡೀ ರಾತ್ರಿ ನೆಲದ ಮೇಲೆ ಬಿದ್ದಿದ್ದರು. ಯಾರಿಗೂ ಗೊತ್ತಾಗಲಿಲ್ಲ.

ಆರೋಪಿ ಸಿಕ್ಕಿಬಿದ್ದ. ನ್ಯಾಯಾಲಯದಲ್ಲಿ ಅವನ ಮೇಲೆ ಸಾಬೀತಾದದ್ದು ಕೊಲೆ ಯತ್ನ ಮತ್ತು ದರೋಡೆ. ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಲೇ ಇಲ್ಲ. ಏಳು ವರ್ಷ ಜೈಲಿನಲ್ಲಿದ್ದು ಹೊರಗೆ ಬಂದ. ಅರುಣಾ ಹಾಸಿಗೆಯಿಂದ ಏಳಲೇ ಇಲ್ಲ.

ಈ ಭಾಗ ಬಹಳ ಜನರಿಗೆ ಗೊತ್ತು. ಇದರ ಮೇಲೆ ಪುಸ್ತಕ ಬಂದಿದೆ, ಟಿವಿಯಲ್ಲಿ ಚರ್ಚೆಯಾಗಿದೆ. ಆದರೆ ನಾವು ಹೇಳಬೇಕೆಂದಿರುವುದು ಇದರ ಮುಂದಿನ ಭಾಗ.

ಮುಷ್ಕರವೂ ಅವರದೇ, ಆರೈಕೆಯೂ ಅವರದೇ

ಘಟನೆಯ ಬೆನ್ನಲ್ಲೇ ಮುಂಬೈಯ ನರ್ಸ್‌ಗಳು ಮುಷ್ಕರ ಹೂಡಿದರು. ಅವರ ಬೇಡಿಕೆ ಎರಡು. ಒಂದು, ಅರುಣಾಗೆ ಸರಿಯಾದ ಆರೈಕೆ ಸಿಗಬೇಕು. ಎರಡು, ನಾವು ಕೆಲಸ ಮಾಡುವ ಪರಿಸ್ಥಿತಿ ಸುಧಾರಿಸಬೇಕು.

ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದ್ದನ್ನು ಗಮನಿಸಿ. ರೋಗಿಗಾಗಿ ಒಂದು, ನಮಗಾಗಿ ಒಂದು ಎಂದು ಅವರು ಬೇರೆ ಬೇರೆ ಮಾಡಲಿಲ್ಲ. ಇವತ್ತು ಹಾಸಿಗೆಯಲ್ಲಿ ಮಲಗಿದವಳು ನಿನ್ನೆ ತಮ್ಮ ಜೊತೆ ಪಾಳಿ ಮಾಡಿದವಳು. ಅವಳಿಗೆ ಆದದ್ದು ನಾಳೆ ಯಾರಿಗಾದರೂ ಆಗಬಹುದು.

ಬೀದಿಗಿಳಿದ ಇದೇ ನರ್ಸ್‌ಗಳು ಆಮೇಲೆ ಏನು ಮಾಡಿದರು ಗೊತ್ತೇ? ನಾಲ್ಕನೇ ವಾರ್ಡಿಗೆ ಹೊಂದಿದ ಒಂದು ಕೋಣೆಯಲ್ಲಿ ಅರುಣಾ ಅವರನ್ನು ಇಟ್ಟುಕೊಂಡು 42 ವರ್ಷ ನೋಡಿಕೊಂಡರು. ತುತ್ತು ತಿನ್ನಿಸಿದರು, ಸ್ನಾನ ಮಾಡಿಸಿದರು, ಮಗ್ಗುಲು ಬದಲಿಸಿದರು. ಪ್ರತಿ ವರ್ಷ ಜೂನ್ 1ಕ್ಕೆ ಹುಟ್ಟುಹಬ್ಬ ಮಾಡಿದರು.

ಮನೆಯಲ್ಲಿ ಮಲಗಿದಲ್ಲೇ ಇರುವ ಅಜ್ಜನನ್ನೋ ಅಜ್ಜಿಯನ್ನೋ ನೋಡಿಕೊಂಡವರಿಗೆ ಬೆನ್ನುಹುಣ್ಣು ಎಂದರೇನು ಎಂದು ಗೊತ್ತು. ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ಚರ್ಮ ಕೊಳೆತು ಗಾಯವಾಗುತ್ತದೆ. ಎಷ್ಟು ಜಾಗ್ರತೆ ಮಾಡಿದರೂ ಕೆಲವೇ ವಾರಗಳಲ್ಲಿ ಬರಬಹುದು. ಅರುಣಾ ಅವರಿಗೆ ಇಷ್ಟು ವರ್ಷ ಹಾಸಿಗೆ ಹಿಡಿದಿದ್ದರೂ ಒಂದೇ ಒಂದು ಬೆನ್ನುಹುಣ್ಣು ಆಗಿಲ್ಲ ಎಂದು ಆಸ್ಪತ್ರೆಯ ಡೀನ್ ಸುಪ್ರೀಂ ಕೋರ್ಟಿಗೆ ಹೇಳಿದರು. ಮೂರು ಪಾಳಿ, ವರ್ಷಕ್ಕೆ 365 ದಿನ, ಹತ್ತಾರು ವರ್ಷ. ಒಂದು ದಿನ ಉದಾಸೀನ ಮಾಡಿದ್ದರೂ ಈ ಮಾತು ಹೇಳಲು ಆಗುತ್ತಿರಲಿಲ್ಲ.

1980ರ ದಶಕದಲ್ಲಿ ಪಾಲಿಕೆ ಎರಡು ಸಲ ಅರುಣಾ ಅವರನ್ನು ಬೇರೆಡೆಗೆ ಸಾಗಿಸಲು ಹೊರಟಿತು. ಒಂದು ಹಾಸಿಗೆ ವರ್ಷಗಟ್ಟಲೆ ತುಂಬಿದೆ, ಅದನ್ನು ತೆರವು ಮಾಡೋಣ ಎಂಬ ಲೆಕ್ಕ. ನರ್ಸ್‌ಗಳು ಮತ್ತೆ ಪ್ರತಿಭಟನೆಗೆ ಇಳಿದರು. ಪಾಲಿಕೆ ಹಿಂದೆ ಸರಿಯಿತು.

"ಸೇವೆ ಮಾಡೋರು ಮುಷ್ಕರ ಮಾಡಬಹುದಾ" ಎಂಬ ಪ್ರಶ್ನೆಯನ್ನು ಈಗ ಮತ್ತೊಮ್ಮೆ ಕೇಳಿಕೊಳ್ಳೋಣ. ಇಲ್ಲಿ ಪ್ರತಿಭಟಿಸಿದ್ದರಿಂದಲೇ ರೋಗಿಗೆ ಹಾಸಿಗೆ ಉಳಿಯಿತು.

2009ರಲ್ಲಿ ಪತ್ರಕರ್ತೆ ಪಿಂಕಿ ವಿರಾನಿ ಅರುಣಾ ಅವರಿಗೆ ದಯಾಮರಣ ಕೋರಿ ಸುಪ್ರೀಂ ಕೋರ್ಟಿಗೆ ಹೋದರು. ಇಂಥ ನರಳಾಟ ಸಾಕು ಎಂಬುದು ಅವರ ವಾದ. ನರ್ಸ್‌ಗಳು ಒಪ್ಪಲಿಲ್ಲ. 2011ರ ಮಾರ್ಚ್ 7ರಂದು ತೀರ್ಪು ಬಂತು. ಕಠಿಣ ನಿಯಮಗಳ ಅಡಿಯಲ್ಲಿ, ಚಿಕಿತ್ಸೆ ಹಿಂತೆಗೆದುಕೊಳ್ಳುವ ರೀತಿಯ ದಯಾಮರಣಕ್ಕೆ ದೇಶದಲ್ಲಿ ಮೊದಲ ಸಲ ದಾರಿ ತೆರೆದ ತೀರ್ಪು ಅದು. ಆದರೆ ಅರುಣಾ ವಿಷಯದಲ್ಲಿ ಕೋರ್ಟ್ ಅರ್ಜಿಯನ್ನು ಒಪ್ಪಲಿಲ್ಲ. ಅವರ ಪರವಾಗಿ ನಿರ್ಧಾರ ಹೇಳಬೇಕಾದ ಆಪ್ತರು ಯಾರು ಎಂಬ ಪ್ರಶ್ನೆ ಬಂದಾಗ, ಹಗಲು ರಾತ್ರಿ ನೋಡಿಕೊಂಡ ಕೆಇಎಂ ಸಿಬ್ಬಂದಿಯೇ ಆಪ್ತರು ಎಂದಿತು. ಪಿಂಕಿ ಅವರ ಕಾಳಜಿಯನ್ನೂ ಕೋರ್ಟ್ ಅಲ್ಲಗಳೆಯಲಿಲ್ಲ.

2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು. ಆ ಹೊತ್ತಿಗೆ ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸ್‌ಗಳಲ್ಲಿ ಎಷ್ಟೋ ಜನ 1973ರಲ್ಲಿ ಹುಟ್ಟಿಯೇ ಇರಲಿಲ್ಲ.

ನ್ಯಾಯ ಎಂದರೆ ಮೂರು ಪ್ರಶ್ನೆ

ಕೆಲಸದ ಜಾಗದಲ್ಲಿ ನ್ಯಾಯ ಎಂದರೆ ಏನು ಎಂದು ಅಧ್ಯಯನ ಮಾಡಿದವರು ಅದನ್ನು ಸಾಮಾನ್ಯವಾಗಿ ಮೂರು ಭಾಗ ಮಾಡುತ್ತಾರೆ. ನಮ್ಮ ಹೊಲಗದ್ದೆಯ ಭಾಷೆಯಲ್ಲೇ ಹೇಳುತ್ತೇವೆ.

ಒಂದು, ಕೂಲಿ. ಇಬ್ಬರು ಒಂದೇ ಕೆಲಸ ಮಾಡಿದರೆ ಇಬ್ಬರಿಗೂ ಒಂದೇ ಕೂಲಿ ಸಿಕ್ಕಿತೇ?

ಎರಡು, ಹಂಚುವ ರೀತಿ. ಯಾರಿಗೆ ಯಾವ ಕೆಲಸ, ಯಾರಿಗೆ ರಜೆ ಎಂದು ತೀರ್ಮಾನಿಸುವಾಗ ಎಲ್ಲರಿಗೂ ಒಂದೇ ನಿಯಮ ಇದೆಯೇ? ಯಜಮಾನನಿಗೆ ಬೇಕಾದವರಿಗೆ ಬೇರೆ ನಿಯಮವೇ?

ಮೂರು, ನಡೆಸಿಕೊಳ್ಳುವ ರೀತಿ. ಮನುಷ್ಯರಂತೆ ಕಂಡರೇ? ತಮಗೆ ಆದ ತೊಂದರೆ ಹೇಳಿಕೊಂಡಾಗ ಕಿವಿಗೊಟ್ಟರೇ?

ನಮ್ಮ ದೇಶದ ನರ್ಸ್‌ಗಳ ಚರಿತ್ರೆ ನೋಡಿದರೆ ಈ ಮೂರೂ ಪ್ರಶ್ನೆಗಳು ಮತ್ತೆ ಮತ್ತೆ ಎದ್ದಿವೆ.

ಹಂಚಿಕೆಯಿಂದಲೇ ಶುರು ಮಾಡೋಣ. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು, 1946ರಲ್ಲಿ, ಭೋರ್ ಸಮಿತಿ ದೇಶದ ಆರೋಗ್ಯದ ಬಗ್ಗೆ ವರದಿ ಕೊಟ್ಟಿತು. ಆಗ ಇಡೀ ದೇಶದಲ್ಲಿ ಇದ್ದ ನರ್ಸ್‌ಗಳು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬರು. ಅಕ್ಕಪಕ್ಕದ ಎಷ್ಟೋ ಹಳ್ಳಿಗಳನ್ನು ಒಟ್ಟು ಸೇರಿಸಿ ಒಬ್ಬರೇ ನರ್ಸ್ ಇದ್ದಂತೆ. 500 ಜನರಿಗೆ ಒಬ್ಬ ನರ್ಸ್ ಇರಬೇಕು ಎಂಬ ಗುರಿಯನ್ನು ಸಮಿತಿ ಇಟ್ಟಿತು. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಬಂತು. ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ 5 ರೋಗಿಗಳಿಗೆ, ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಎನ್ನುವುದು ಪರಿಷತ್ತಿನ ಮಾನದಂಡ. ನಿಮ್ಮ ತಾಲ್ಲೂಕು ಆಸ್ಪತ್ರೆಯ ವಾರ್ಡಿನಲ್ಲಿ ಒಂದು ರಾತ್ರಿ ಕಳೆದಿದ್ದರೆ ಈ ಲೆಕ್ಕ ಎಷ್ಟು ನಿಜವಾಗಿದೆ ಎಂದು ನೀವೇ ಹೇಳಬಲ್ಲಿರಿ.

1980ರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರ ಸರೋಜಿನಿ ವರದಪ್ಪನ್ ಅವರ ಅಧ್ಯಕ್ಷತೆಯಲ್ಲಿ ನರ್ಸ್‌ಗಳ ಸ್ಥಿತಿಗತಿಗೆಂದೇ ಒಂದು ಉನ್ನತಾಧಿಕಾರ ಸಮಿತಿ ಮಾಡಿತು. ವಾರಕ್ಕೆ 40 ಗಂಟೆ ಕೆಲಸ, ಹೆಚ್ಚು ದುಡಿದರೆ ಅದಕ್ಕೆ ರಜೆ ಇಲ್ಲವೇ ಹಣ ಎಂದು ಅದು ಶಿಫಾರಸು ಮಾಡಿತು. ಪಾಳಿ ಮುಗಿದ ಮೇಲೂ ಬದಲಿ ಬರಲಿಲ್ಲವೆಂದು ಇನ್ನೊಂದು ಪಾಳಿ ಮಾಡುವ ನರ್ಸ್‌ಗಳು ಇಂದಿಗೂ ಇದ್ದಾರೆ.

ಕೂಲಿಯ ಲೆಕ್ಕ

ಕೂಲಿಯ ಪ್ರಶ್ನೆ ದೊಡ್ಡದಾಗಿ ಎದ್ದದ್ದು ನೆರೆಯ ಕೇರಳದಲ್ಲಿ. ದೇಶದ ಆಸ್ಪತ್ರೆಗಳಿಗೆಲ್ಲ ನರ್ಸ್‌ಗಳನ್ನು ಕಳಿಸಿದ ರಾಜ್ಯ ಅದು. ಸಾಲ ಮಾಡಿ ಓದಿ, ಖಾಸಗಿ ಆಸ್ಪತ್ರೆ ಸೇರಿ, ಸಾಲದ ಕಂತು ಕಟ್ಟಲೂ ಸಾಲದ ಸಂಬಳಕ್ಕೆ ದುಡಿಯುತ್ತಿದ್ದವರು ಬಹಳ. ಕೆಲವು ಆಸ್ಪತ್ರೆಗಳು ಬಾಂಡ್ ಬರೆಸಿಕೊಂಡು, ಮೂಲ ಪ್ರಮಾಣಪತ್ರಗಳನ್ನು ತಮ್ಮ ಬಳಿಯೇ ಇಟ್ಟುಕೊಳ್ಳುತ್ತಿದ್ದವು. ಬಿಟ್ಟು ಹೋಗಬೇಕೆಂದರೂ ಹೋಗುವಂತಿರಲಿಲ್ಲ. ನಮ್ಮ ಹಿರಿಯರು ಜೀತ ಎಂದು ಕರೆಯುತ್ತಿದ್ದದ್ದಕ್ಕೂ ಇದಕ್ಕೂ ಅಂಥ ದೂರವೇನಿಲ್ಲ.

2011ರಲ್ಲಿ ಅಲ್ಲಿನ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿದರು. 2011, 2012ರಲ್ಲಿ ಒಂದಾದ ಮೇಲೊಂದು ಆಸ್ಪತ್ರೆಯಲ್ಲಿ ಮುಷ್ಕರ ನಡೆಯಿತು.

ಇತ್ತ ಭಾರತೀಯ ತರಬೇತಿ ಪಡೆದ ನರ್ಸ್‌ಗಳ ಸಂಘ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1908ರಿಂದ ಇರುವ ಹಳೆಯ ಸಂಘ ಅದು. 2016ರ ಜನವರಿ 29ರಂದು ಕೋರ್ಟ್, ಖಾಸಗಿ ಆಸ್ಪತ್ರೆಯ ನರ್ಸ್‌ಗಳ ಸಂಬಳ ಮತ್ತು ಕೆಲಸದ ಸ್ಥಿತಿ ನೋಡಲು ಸಮಿತಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಸಮಿತಿ ಅದೇ ವರ್ಷ ಕೊಟ್ಟ ಶಿಫಾರಸು ಹೀಗಿತ್ತು:

- 200ಕ್ಕಿಂತ ಹೆಚ್ಚು ಹಾಸಿಗೆ ಇರುವ ಆಸ್ಪತ್ರೆ: ಆ ರಾಜ್ಯದ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ.
- 100ಕ್ಕಿಂತ ಹೆಚ್ಚು ಹಾಸಿಗೆ: ಸರ್ಕಾರಿ ಸಂಬಳಕ್ಕಿಂತ ಶೇ. 10ರಷ್ಟಕ್ಕಿಂತ ಹೆಚ್ಚು ಕಡಿಮೆ ಇರಬಾರದು.
- 50ರಿಂದ 100 ಹಾಸಿಗೆ: ಶೇ. 25ರಷ್ಟಕ್ಕಿಂತ ಹೆಚ್ಚು ಕಡಿಮೆ ಇರಬಾರದು.
- 50ಕ್ಕಿಂತ ಕಡಿಮೆ ಹಾಸಿಗೆ: ತಿಂಗಳಿಗೆ ಕನಿಷ್ಠ 20,000 ರೂಪಾಯಿ.

ರಜೆ, ಕೆಲಸದ ಗಂಟೆ, ಓಡಾಟದ ಸೌಲಭ್ಯಗಳೂ ಸರ್ಕಾರಿ ನರ್ಸ್‌ಗಳಂತೆಯೇ ಇರಬೇಕು ಎಂದಿತು. ಕೇಂದ್ರ ಇದನ್ನು ಜಾರಿಗೆ ತನ್ನಿ ಎಂದು ರಾಜ್ಯಗಳಿಗೆ ಕಳಿಸಿತು.

ಕಾಗದದಲ್ಲಿ ಬಂದದ್ದು ಕೈಗೆ ಬರಲು ಕೇರಳದಲ್ಲೇ ಎರಡು ವರ್ಷ ಹೋರಾಡಬೇಕಾಯಿತು. 2018ರ ಏಪ್ರಿಲ್ 24ರಂದು ಚೇರ್ತಲದಿಂದ ತಿರುವನಂತಪುರಕ್ಕೆ ಕಾಲ್ನಡಿಗೆ ಹೊರಡುವುದಾಗಿ ನರ್ಸ್‌ಗಳು ಘೋಷಿಸಿದ್ದರು. ಹಿಂದಿನ ದಿನ ಸರ್ಕಾರ ಕನಿಷ್ಠ 20,000 ರೂಪಾಯಿ ವೇತನದ ಅಧಿಸೂಚನೆ ಹೊರಡಿಸಿತು.

ಅದಾಗಿ ಒಂದು ತಿಂಗಳೂ ತುಂಬಿರಲಿಲ್ಲ. ಕೋಯಿಕ್ಕೋಡ್ ಜಿಲ್ಲೆಯಲ್ಲಿ ನಿಫಾ ಜ್ವರ ಕಾಣಿಸಿಕೊಂಡಿತು. ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ ರೋಗಿಯ ಆರೈಕೆ ಮಾಡುತ್ತ ತಾವೇ ಸೋಂಕು ತಗುಲಿ ಮೇ 21ರಂದು ಪ್ರಾಣಬಿಟ್ಟರು. ಇಬ್ಬರು ಎಳೆಯ ಮಕ್ಕಳ ತಾಯಿ. ಅವರದು ಕಾಯಂ ಹುದ್ದೆಯೂ ಆಗಿರಲಿಲ್ಲ. ನರ್ಸ್‌ಗಳು ಬರೀ ದುಡ್ಡಿಗಾಗಿ ಕೂಗುತ್ತಾರೆ ಎಂದವರು ಆ ವಾರ ಸುಮ್ಮನಾದರು.

ನಿಷ್ಠೆ ಯಾರ ಮೇಲೆ?

ಇಷ್ಟೆಲ್ಲ ಓದಿದ ಮೇಲೆ ನಮ್ಮಲ್ಲೇ ಒಂದು ತರ್ಕ ಎದ್ದಿತು. ಕೆಇಎಂ ನರ್ಸ್‌ಗಳಿಗೆ ಪೂರಾ ನ್ಯಾಯ ಸಿಕ್ಕಿರಲಿಲ್ಲ. ಲಿನಿಗೂ ಸಿಕ್ಕಿರಲಿಲ್ಲ. ಆದರೂ ಅವರು ಮನಸ್ಸಿಟ್ಟು ದುಡಿದರು. ಹಾಗಾದರೆ ನ್ಯಾಯ ಸಿಗದಿದ್ದರೂ ನಡೆಯುತ್ತದೆ ಎಂದಾಯಿತಲ್ಲ?

ನಮ್ಮ ಉತ್ತರ: ಇಲ್ಲಿ ಎರಡು ನಿಷ್ಠೆಗಳಿವೆ. ಒಂದು ರೋಗಿಯ ಮೇಲಿನದು. ಇನ್ನೊಂದು ಸಂಸ್ಥೆಯ ಮೇಲಿನದು. ಮೊದಲನೆಯದು ಅನ್ಯಾಯದ ನಡುವೆಯೂ ಉಳಿಯಬಲ್ಲದು. ಕಣ್ಣ ಮುಂದೆ ನರಳುವವರನ್ನು ಬಿಟ್ಟು ಹೋಗಲು ಹೆಚ್ಚಿನವರಿಗೆ ಆಗುವುದಿಲ್ಲ. ಎರಡನೆಯದು ಹಾಗಲ್ಲ, ಅದು ನ್ಯಾಯ ಇದ್ದಲ್ಲಿ ಮಾತ್ರ ಬೆಳೆಯುತ್ತದೆ. ಸಂಬಳ ತಡವಾದರೆ, ರಾತ್ರಿ ಪಾಳಿ ಯಾವಾಗಲೂ ಒಬ್ಬರ ತಲೆಗೇ ಬಂದರೆ, ದೂರು ಕೊಟ್ಟವರಿಗೇ ಬೈಗುಳವಾದರೆ, ನರ್ಸ್ ರೋಗಿಯ ಮೇಲೆ ಸಿಟ್ಟು ತೀರಿಸಿಕೊಳ್ಳುವುದಕ್ಕಿಂತ ಮೊದಲು ಆ ಜಾಗವನ್ನೇ ಬಿಡುತ್ತಾರೆ. ಕೇರಳದಿಂದ, ನಮ್ಮ ಕರಾವಳಿಯಿಂದ ಕೊಲ್ಲಿ ದೇಶಗಳಿಗೆ, ಇಂಗ್ಲೆಂಡಿಗೆ ಹೋದ ನರ್ಸ್‌ಗಳಲ್ಲಿ ಸೇವಾಭಾವ ಕಡಿಮೆ ಇತ್ತೇ? ಅಲ್ಲಿನ ರೋಗಿಗಳಿಗೆ ಅದೇ ಕೈಗಳು ಆರೈಕೆ ಮಾಡುತ್ತಿವೆ. ಕಳೆದುಕೊಂಡವರು ನಾವು.

ಹೋಗಲು ಆಗದೆ ಉಳಿದವರಿಗೆ ಕೆಲಸ ಇಮ್ಮಡಿಯಾಗುತ್ತದೆ. ಐವರನ್ನು ನೋಡಬೇಕಾದವರು ಹದಿನೈದು ಜನರನ್ನು ನೋಡುತ್ತಾರೆ. ಮಗ್ಗುಲು ಬದಲಿಸಲು ಹೊತ್ತಿರುವುದಿಲ್ಲ, ಮಾತಾಡಲು ಇನ್ನೂ ಇಲ್ಲ. ನಾವು "ಆ ಸಿಸ್ಟರ್ ಸಿಡುಕಿ" ಎಂದು ಬೈದುಕೊಂಡು ಬರುತ್ತೇವೆ. ಆ ಸಿಡುಕಿನ ಹಿಂದೆ ಯಾರು ಎಷ್ಟು ಹುದ್ದೆ ಖಾಲಿ ಬಿಟ್ಟಿದ್ದಾರೆ ಎಂದು ಕೇಳುವುದಿಲ್ಲ.

ಸೇವೆ ಎಂದ ಕೂಡಲೇ ಎಲ್ಲರೂ ನೆನೆಯುವ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಬರೀ ದೀಪ ಹಿಡಿದು ವಾರ್ಡು ಸುತ್ತಿದವರಲ್ಲ. 1854ರಲ್ಲಿ ಕ್ರಿಮಿಯಾ ಯುದ್ಧದ ಸೈನಿಕರ ಆಸ್ಪತ್ರೆಗೆ ಹೋದ ಅವರು, ಗಾಯಕ್ಕಿಂತ ರೋಗದಿಂದ ಹೆಚ್ಚು ಸೈನಿಕರು ಸತ್ತರೆಂದು ಅಂಕಿ ಅಂಶ ಹಿಡಿದು ಸರ್ಕಾರದೊಂದಿಗೆ ವರ್ಷಗಟ್ಟಲೆ ಜಗಳವಾಡಿದರು. ಅವರ ಹುಟ್ಟಿದ ದಿನವಾದ ಮೇ 12ರಂದು ನಾವು ನರ್ಸ್‌ಗಳಿಗೆ ಗುಲಾಬಿ ಕೊಡುತ್ತೇವೆ. ಆ ಜಗಳವನ್ನು ಮಾತ್ರ ಮರೆಯುತ್ತೇವೆ.

ಐವತ್ತೊಂದು ವರ್ಷದ ನಂತರ

2024ರ ಆಗಸ್ಟ್ 9ರಂದು ಕೋಲ್ಕತ್ತದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ತರಬೇತಿಯಲ್ಲಿದ್ದ ವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆ ನಡೆಯಿತು. ದೀರ್ಘ ಪಾಳಿಯ ನಡುವೆ ವಿಶ್ರಾಂತಿಗೆಂದು ಅವರು ಸೆಮಿನಾರ್ ಹಾಲ್‌ಗೆ ಹೋಗಿದ್ದರು.

ಆಗಸ್ಟ್ 20ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಆಗ ಅರುಣಾ ಶಾನಭಾಗ ಅವರ ಹೆಸರು ಮತ್ತೆ ಪ್ರಸ್ತಾಪವಾಯಿತು. ಕೋರ್ಟ್ ಎತ್ತಿ ಹೇಳಿದ ಕೊರತೆಗಳು ಇವು: ರಾತ್ರಿ ಪಾಳಿಯವರಿಗೆ ವಿಶ್ರಾಂತಿ ಕೋಣೆ ಇಲ್ಲ, ಶೌಚಾಲಯ ಸಾಲದು, ಓಡಾಟಕ್ಕೆ ವಾಹನ ಇಲ್ಲ, ಕಾವಲು ಇಲ್ಲ.

1973ರಲ್ಲಿ ಬಟ್ಟೆ ಬದಲಿಸಲು ನೆಲಮಾಳಿಗೆ. 2024ರಲ್ಲಿ ಕಣ್ಣು ಮುಚ್ಚಲು ಸೆಮಿನಾರ್ ಹಾಲ್. ನಡುವೆ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ಮಾರ್ಗಸೂಚಿ ಬಂತು, 2013ರಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ ಬಂತು. ಚಿಲಕ ಇರುವ ಒಂದು ಕೋಣೆ ಮಾತ್ರ ಎಷ್ಟೋ ಕಡೆ ಬರಲೇ ಇಲ್ಲ.

ದೊಡ್ಡ ನಗರದ ದೊಡ್ಡ ಆಸ್ಪತ್ರೆಯ ಮಾತು ನಮಗೇಕೆ ಎನ್ನಬೇಡಿ. ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹೆರಿಗೆ ಮಾಡಿಸುವ ಸಿಸ್ಟರ್ ಅನೇಕ ಸಲ ಒಬ್ಬರೇ ಇರುತ್ತಾರೆ. ಅವರು ಒಳಗುತ್ತಿಗೆಯವರೋ ಕಾಯಮ್ಮೋ ಎಂದು ನಾವು ಕೇಳಿರುವುದಿಲ್ಲ. ಪಕ್ಕದಲ್ಲೇ ಅದೇ ಕೆಲಸ ಮಾಡುವ ಇನ್ನೊಬ್ಬರಿಗೂ ಅವರಿಗೂ ಸಂಬಳದಲ್ಲಿ ಎಷ್ಟು ಅಂತರವಿದೆ ಎಂದು ನಮಗೆ ತಿಳಿದಿರುವುದಿಲ್ಲ.

ಪ್ರತಿ ಆರೋಗ್ಯ ಕೇಂದ್ರಕ್ಕೂ ಒಂದು ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಅದರಲ್ಲಿ ಊರಿನವರೂ ಇರುತ್ತಾರೆ. ಮುಂದಿನ ಸಭೆಯಲ್ಲೋ ಗ್ರಾಮಸಭೆಯಲ್ಲೋ ಔಷಧಿ ಇದೆಯೇ, ಡಾಕ್ಟರು ಬರುತ್ತಾರೆಯೇ ಎಂದು ಕೇಳುವಾಗ ಇನ್ನೂ ಮೂರು ಪ್ರಶ್ನೆ ಸೇರಿಸಿ. ನಮ್ಮ ಸಿಸ್ಟರ್‌ಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಕೋಣೆ ಇದೆಯೇ? ರಾತ್ರಿ ಪಾಳಿಯಲ್ಲಿ ಜೊತೆಗೆ ಯಾರಿರುತ್ತಾರೆ? ಕಳೆದ ತಿಂಗಳ ಸಂಬಳ ಆಗಿದೆಯೇ?

ಹಳದೀಪುರದ ಅರುಣಾಗಾಗಿ ಮುಂಬೈಯ ನರ್ಸ್‌ಗಳು ಇಂಥ ಪ್ರಶ್ನೆಗಳನ್ನು ಬೀದಿಯಲ್ಲಿ ನಿಂತು ಕೇಳಬೇಕಾಯಿತು. ನಮ್ಮೂರಿನ ಸಿಸ್ಟರ್ ಪರವಾಗಿ ನಾವು ಗ್ರಾಮಸಭೆಯಲ್ಲಿ ಕೂತೇ ಕೇಳಬಹುದು.